ಪೆಲ್ ಸಮೀಕರಣವನ್ನು ಮೊದಲು ಬಿಡಿಸಿದ್ದು ಪೆಲ್ ಅವರೇ?

ಅಲ್ಲ. ಒಂದು ವರ್ಗಸಂಖ್ಯೆಯನ್ನು ಕೊಟ್ಟ ಸಂಖ್ಯೆಯಿಂದ ಗುಣಿಸಿ 1 ಕೂಡಿಸಿದಾಗ ಮತ್ತೊಂದು ವರ್ಗಸಂಖ್ಯೆ ಬರುವಂತೆ ಪೂರ್ಣಾಂಕಗಳನ್ನು ಹುಡುಕುವ ಸಮೀಕರಣ ಇದು. 17ನೇ ಶತಮಾನದ ಇಂಗ್ಲೆಂಡಿನ ಗಣಿತಜ್ಞ ಜಾನ್ ಪೆಲ್ ಅವರ ಹೆಸರು ಇದಕ್ಕೆ ಅಂಟಿಕೊಂಡದ್ದು 18ನೇ ಶತಮಾನದ ಸ್ವಿಸ್ ಗಣಿತಜ್ಞ ಆಯ್ಲರ್ ಅವರ ತಪ್ಪು ಗ್ರಹಿಕೆಯಿಂದ. ಅದಕ್ಕೂ ಸಾವಿರ ವರ್ಷ ಮೊದಲೇ, ಕ್ರಿ.ಶ. 628ರಲ್ಲಿ, ಬ್ರಹ್ಮಗುಪ್ತ ಇದನ್ನು ಕೈಗೆತ್ತಿಕೊಂಡಿದ್ದ.

ಅವನ ಒಂದು ಲೆಕ್ಕ ನೋಡಿ: ಯಾವ ವರ್ಗಸಂಖ್ಯೆಯನ್ನು 92ರಿಂದ ಗುಣಿಸಿ 1 ಕೂಡಿಸಿದರೆ ಮತ್ತೊಂದು ವರ್ಗಸಂಖ್ಯೆ ಸಿಗುತ್ತದೆ? ವರ್ಷದೊಳಗೆ ಬಿಡಿಸಿದವನೇ ಗಣಿತಜ್ಞ ಎಂದು ಸವಾಲನ್ನೂ ಎಸೆದಿದ್ದ. 1ರ ವರ್ಗವನ್ನು 92ರಿಂದ ಗುಣಿಸಿದರೆ 92. 10ರ ವರ್ಗ 100. ಅದು 92ಕ್ಕಿಂತ 8 ಹೆಚ್ಚು. ಬೇಕಾದದ್ದು 1 ಮಾತ್ರ. ಬ್ರಹ್ಮಗುಪ್ತನ 'ಭಾವನಾ' ವಿಧಾನ ಈ ಅರೆಬರೆ ಉತ್ತರವನ್ನು ಅದರೊಂದಿಗೇ ಬೆಸೆಯುತ್ತದೆ: 100 + 92 = 192, 2 × 10 × 1 = 20. ಎರಡನ್ನೂ 8ರಿಂದ ಭಾಗಿಸಿದರೆ 24 ಮತ್ತು 5/2. ವ್ಯತ್ಯಾಸವೇನೋ 1ಕ್ಕೆ ಇಳಿಯಿತು (576 − 575), ಆದರೆ ಭಿನ್ನರಾಶಿ ಉಳಿಯಿತು. ಇನ್ನೊಮ್ಮೆ ಬೆಸೆದರೆ 1151 ಮತ್ತು 120. ಪೂರ್ಣಾಂಕಗಳು! 120ರ ವರ್ಗವನ್ನು 92ರಿಂದ ಗುಣಿಸಿದರೆ 13,24,800. 1151ರ ವರ್ಗ 13,24,801.

ವರ್ಗಸಂಖ್ಯೆಯಲ್ಲದ ಯಾವ ಸಂಖ್ಯೆಗೂ ಒಗ್ಗುವ 'ಚಕ್ರವಾಳ' ವಿಧಾನವನ್ನು 1150ರಲ್ಲಿ ಎರಡನೇ ಭಾಸ್ಕರ ವಿವರಿಸಿದ. 92ರ ಜಾಗದಲ್ಲಿ 61 ಇಟ್ಟರೆ ಅವನ ಉತ್ತರ 1,76,63,19,049 ಮತ್ತು 22,61,53,980. ಇದೇ 61ನ್ನು ಫ್ರೆಂಚ್ ಗಣಿತಜ್ಞ ಫರ್ಮಾ 1657ರಲ್ಲಿ ಯುರೋಪಿನ ಗಣಿತಜ್ಞರ ಮುಂದಿಟ್ಟದ್ದು ನನಗಂತೂ ಗಣಿತ ಚರಿತ್ರೆಯ ಅತಿ ಸೊಗಸಾದ ಕಾಕತಾಳೀಯ.