ಎಷ್ಟು ಎಚ್‌ಪಿ ಎಂದು ಕೇಳುವ ಮೊದಲು ಸಾಲಿನ ಅಗಲ ಅಳೆಯಿರಿ

ಓದುಗರ ಪ್ರಶ್ನೆ – ನಮ್ಮ ಉತ್ತರ: ಸಣ್ಣ ಟ್ರ್ಯಾಕ್ಟರ್

ಪ್ರಶ್ನೆ: ಮೂರೂವರೆ ಎಕರೆ ಅಡಿಕೆ ತೋಟ, ಗಿಡದಿಂದ ಗಿಡಕ್ಕೆ 9 ಅಡಿ. ಪಕ್ಕದಲ್ಲೇ ಒಂದು ಎಕರೆ ಮೆಕ್ಕೆಜೋಳದ ಹೊಲ. ಹದಿನೈದು ವರ್ಷ ತಕರಾರಿಲ್ಲದೆ ಓಡುವ ಸಣ್ಣ ಟ್ರ್ಯಾಕ್ಟರ್ ಬೇಕು. ಒಬ್ಬ ಡೀಲರ್ 15 ಎಚ್‌ಪಿ ಸಾಕು ಅಂತಾರೆ, ಇನ್ನೊಬ್ಬರು 27ಕ್ಕಿಂತ ಕಡಿಮೆ ಬೇಡವೇ ಬೇಡ ಅಂತಾರೆ. ಯಾರ ಮಾತು ಕೇಳಲಿ? — ಚನ್ನಗಿರಿ

ಇಬ್ಬರೂ ತಮ್ಮ ಶೋರೂಮಿನಲ್ಲಿ ನಿಂತಿರುವುದನ್ನು ಹೇಳುತ್ತಿದ್ದಾರೆ. ಮೊದಲು ಟೇಪು ಹಿಡಿದು ತೋಟಕ್ಕೆ ಹೋಗಿ. ಅಡಿಕೆಯ ಹೆಚ್ಚಿನ ಬೇರು ಬುಡದಿಂದ ಎರಡೂವರೆ–ಮೂರು ಅಡಿಯೊಳಗೆ, ಅದೂ ಮೇಲ್ಮಣ್ಣಿನಲ್ಲೇ ಇರುತ್ತದೆ. 9 ಅಡಿಯಲ್ಲಿ ಎರಡೂ ಬದಿಗೆ ಮೂರು ಮೂರು ಅಡಿ ಬಿಟ್ಟರೆ ಮಣ್ಣು ಕಲಕಲು ಉಳಿಯುವುದು ನಡುವಿನ ಮೂರೇ ಅಡಿ. ಹಾಗಾಗಿ ನಿಮಗೆ ಬೇಕಿರುವುದು ಮೂರು, ಹೆಚ್ಚೆಂದರೆ ಮೂರೂವರೆ ಅಡಿಯ ರೋಟವೇಟರ್ (ತಿರುಗುವ ಹಲ್ಲುಗಳಿಂದ ಮಣ್ಣು ಕಲಕುವ ಉಪಕರಣ). ಅದನ್ನು ನಿರಾಯಾಸವಾಗಿ ತಿರುಗಿಸುವಷ್ಟು ಶಕ್ತಿ, ನಾಲ್ಕು ಅಡಿ ಮೀರದ ಒಟ್ಟು ಅಗಲ ಇರುವ ಗಾಡಿ ಸಾಕು. (ತಿಂಗಳಿಗೊಮ್ಮೆ ರೋಟವೇಟರ್ ಹೊಡೆಯುವವರಿದ್ದಾರೆ. ಅದು ಕಳೆ ತೆಗೆಯುವುದಲ್ಲ, ಬೇರು ಕೊಚ್ಚುವುದು. ಕಳೆಗೆ, ಮಣ್ಣು ಕಲಕದೆ ಮೇಲಿಂದ ಕತ್ತರಿಸುವ ಸ್ಲ್ಯಾಷರ್ ಇಟ್ಟುಕೊಳ್ಳಿ.)

ಬಾನೆಟ್ ಮೇಲೆ ಬರೆದಿರುವುದು ಇಂಜಿನ್ನಿನ ಎಚ್‌ಪಿ. ರೋಟವೇಟರಿಗೆ ಸಿಗುವುದು ಪಿಟಿಒ ಶಾಫ್ಟಿಗೆ (ಹಿಂದೆ ಕಟ್ಟಿದ ಉಪಕರಣವನ್ನು ತಿರುಗಿಸುವ ದಂಡ) ಬಂದಷ್ಟು ಮಾತ್ರ, ಸುಮಾರು ಶೇ 10ರಿಂದ 15 ಕಡಿಮೆ. ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಟ್ರ್ಯಾಕ್ಟರ್ ಪರೀಕ್ಷಾ ಸಂಸ್ಥೆಯಿದೆ. ಆ ಮಾಡೆಲಿನ ಪರೀಕ್ಷಾ ವರದಿ ತೋರಿಸಿ ಎಂದು ಡೀಲರನ್ನು ಕೇಳಿ. ಪಿಟಿಒ ಶಕ್ತಿ, ಲಿಫ್ಟ್ ಎತ್ತುವ ತೂಕ, ಡೀಸೆಲ್ ಖರ್ಚು ಮೂರೂ ಅದರಲ್ಲಿರುತ್ತವೆ. ಬಣ್ಣದ ಕರಪತ್ರಕ್ಕಿಂತ ಅದನ್ನು ನಂಬಬಹುದು.

ನಿಮ್ಮ ಕೆಲಸಕ್ಕೆ 18ರಿಂದ 24 ಎಚ್‌ಪಿ, ನಾಲ್ಕೂ ಚಕ್ರಕ್ಕೆ ಎಳೆತವಿರುವ ಗಾಡಿ ಸರಿ. ವಿಎಸ್‌ಟಿ ಶಕ್ತಿ 180, ಕುಬೋಟಾ ಎ211ಎನ್ ಮೂರು ಸಿಲಿಂಡರಿನವು, ನಡುಕ ಕಡಿಮೆ. ಮಹೀಂದ್ರಾ ಜೀವೋ 245 ಎರಡು ಸಿಲಿಂಡರಿನದು. 15 ಎಚ್‌ಪಿಯ ಯುವರಾಜ್ 215, ಸ್ವರಾಜ್ 717 ಒಂದೇ ಸಿಲಿಂಡರಿನವು: ರಿಪೇರಿ ಅಗ್ಗ, ಊರಿನ ಮೆಕ್ಯಾನಿಕ್ಕಿಗೂ ಗೊತ್ತು. ಆದರೆ ಬಿಗಿ ಮಣ್ಣಿನಲ್ಲಿ ರೋಟವೇಟರ್ ಕಟ್ಟಿದಾಗ ಉಸಿರು ಕಟ್ಟುತ್ತವೆ. 27 ಎಚ್‌ಪಿ ಬೇಕಾಗುವುದು ಬ್ಲೋಯರ್ ಸ್ಪ್ರೇಯರ್ ಇಟ್ಟುಕೊಂಡವರಿಗೆ, ಏರಿನಲ್ಲಿ ಟ್ರೇಲರ್ ಎಳೆಯುವವರಿಗೆ. 50 ಎಚ್‌ಪಿ ಮೇಲಿನ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಬಂದ ಟ್ರೆಮ್-4 ಎಂಬ ಹೊಗೆ ಮಾಲಿನ್ಯ ನಿಯಮ ಈ ಸಣ್ಣವಕ್ಕೆ ತಗುಲಿಲ್ಲ. ಹಾಗಾಗಿ ಇವುಗಳಲ್ಲಿ ಹಳೇ ಮಾದರಿಯ ಪಂಪು, ಹಳೇ ಮಾದರಿಯ ನಾಜಲ್ಲೇ ಇವೆ. ಲ್ಯಾಪ್‌ಟಾಪ್ ಹಿಡಿದ ಮೆಕ್ಯಾನಿಕ್ಕಿಗೆ ಕಾಯಬೇಕಿಲ್ಲ.

ಇನ್ನು ಹದಿನೈದು ವರ್ಷದ ಮಾತು. ನಿಮ್ಮ ಜಮೀನಿಗೆ ವರ್ಷಕ್ಕೆ 100–120 ಗಂಟೆ ಓಡಿಸಿದರೆ ಹೆಚ್ಚು. ಹದಿನೈದು ವರ್ಷಕ್ಕೆ 1,800 ಗಂಟೆ. ಸರಿಯಾಗಿ ನೋಡಿಕೊಂಡ ಡೀಸೆಲ್ ಇಂಜಿನ್ 4,000 ಗಂಟೆಯವರೆಗೂ ಬೋರಿಗೆ (ಇಂಜಿನ್ ಬಿಚ್ಚಿ ಸಿಲಿಂಡರ್ ಸರಿಪಡಿಸುವ ದೊಡ್ಡ ರಿಪೇರಿಗೆ) ಬರುವುದಿಲ್ಲ. ಅಂದರೆ ಸಣ್ಣ ಹಿಡುವಳಿಯಲ್ಲಿ ಟ್ರ್ಯಾಕ್ಟರ್ ದುಡಿದು ಹಾಳಾಗುವುದಿಲ್ಲ, ನಿಂತು ಹಾಳಾಗುತ್ತದೆ. ಮಳೆಗಾಲ ಪೂರ್ತಿ ಶೆಡ್ಡಿನಲ್ಲಿ ನಿಂತ ಗಾಡಿಯ ಕ್ಲಚ್ ಪ್ಲೇಟ್ ತುಕ್ಕಿಗೆ ಫ್ಲೈವೀಲಿಗೆ ಅಂಟಿಕೊಳ್ಳುತ್ತದೆ. ಅರ್ಧ ತುಂಬಿದ ಟ್ಯಾಂಕಿನಲ್ಲಿ ಹಬೆ ನೀರಾಗಿ ಇಳಿದು ಇಂಜೆಕ್ಷನ್ ಪಂಪನ್ನು ತಿನ್ನುತ್ತದೆ. ಬ್ಯಾಟರಿ ಸಾಯುತ್ತದೆ, ಇಲಿ ವೈರು ಕಡಿಯುತ್ತದೆ. ಮಳೆಗಾಲಕ್ಕೆ ಮೊದಲು ಟ್ಯಾಂಕ್ ತುಂಬಿಸಿ. ಕ್ಲಚ್ ಪೆಡಲನ್ನು ಒತ್ತಿ ಕೊಂಡಿ ಹಾಕಿಡಿ, ಕೊಂಡಿ ಇಲ್ಲದ ಗಾಡಿಗೆ ಮರದ ತುಂಡು ಕೊಡಿ. ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿಡಿ. ಹದಿನೈದು ದಿನಕ್ಕೊಮ್ಮೆ ಶುರು ಮಾಡಿ ಅರ್ಧ ಗಂಟೆ ಓಡಿಸಿ. ಎರಡೇ ನಿಮಿಷ ಗುರ್ ಅನ್ನಿಸಿ ನಿಲ್ಲಿಸುವುದು ಶುರು ಮಾಡದೇ ಇರುವುದಕ್ಕಿಂತ ಕೆಟ್ಟದ್ದು, ಒಳಗಿನ ತೇವ ಆರುವುದಿಲ್ಲ.

ಬ್ರ್ಯಾಂಡ್ ತೀರ್ಮಾನಿಸಲು ಒಂದು ಪರೀಕ್ಷೆ ಹೇಳುತ್ತೇವೆ. ಶೋರೂಮಿಗಲ್ಲ, ಅವರ ಬಿಡಿಭಾಗದ ಕೌಂಟರಿಗೆ ಹೋಗಿ. ಕ್ಲಚ್ ಪ್ಲೇಟ್, ಮುಂದಿನ ಆಕ್ಸಲ್ಲಿನ ಆಯಿಲ್ ಸೀಲ್, ಹೈಡ್ರಾಲಿಕ್ ಫಿಲ್ಟರ್, ಫ್ಯಾನ್ ಬೆಲ್ಟ್, ಈ ನಾಲ್ಕನ್ನು ಕೇಳಿ. ನಾಲ್ಕೂ ಕಪಾಟಿನಿಂದ ಕೆಳಗಿಳಿದರೆ ಆ ಗಾಡಿ ಕೊಳ್ಳಬಹುದು. ‘ಆರ್ಡರ್ ಹಾಕಿದ್ರೆ ಬರುತ್ತೆ ಸಾರ್’ ಎಂದರೆ ಬೆಲೆ ಇಪ್ಪತ್ತು ಸಾವಿರ ಕಡಿಮೆಯಿದ್ದರೂ ಬೇಡ.

ಪ್ರಶ್ನೆ: ಎರಡು ಎಕರೆ ಹಳೇ ತೋಟ, ಎರಡು ಸಾಲಿಗೊಂದು ಬಸಿಗಾಲುವೆ. ಆಳು ಸಿಗುತ್ತಿಲ್ಲ. ಮಿನಿ ಟ್ರ್ಯಾಕ್ಟರ್ ಕೊಳ್ಳಲೇ? — ತೀರ್ಥಹಳ್ಳಿ

ಬೇಡ. ಬಸಿಗಾಲುವೆ ಇರುವ ತೋಟದಲ್ಲಿ ಅದು ಅಡ್ಡ ದಾಟದು, ಕಾಲುವೆ ಅಂಚಿಗೆ ಹಿಂದಿನ ಚಕ್ರ ಜಾರಿದರೆ ಮಗುಚುತ್ತದೆ. ಕಾಲುವೆ ಮುಚ್ಚಿದರೆ ಮಲೆನಾಡಿನ ಮಳೆಗೆ ಕೊಳೆ, ಬೇರುಹುಳ ಎರಡೂ ಕಾದಿರುತ್ತವೆ.

ಲೆಕ್ಕವೂ ಕೂಡಿಬರುವುದಿಲ್ಲ. ರೋಟವೇಟರ್ ಸೇರಿ ಆರು ಲಕ್ಷ ಹಾಕಿದಿರಿ, ಹತ್ತು ವರ್ಷದ ನಂತರ ಎರಡು ಲಕ್ಷಕ್ಕೆ ಮಾರಿದಿರಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 40,000 ಸವಕಳಿ. ಸರಾಸರಿ ನಾಲ್ಕು ಲಕ್ಷಕ್ಕೆ ಶೇ 9ರಂತೆ ಬಡ್ಡಿ 36,000. ಡೀಸೆಲ್ ಹಾಕುವ ಮೊದಲೇ 76,000. ವರ್ಷಕ್ಕೆ 60 ಗಂಟೆ ಓಡಿಸಿದರೆ ಗಂಟೆಗೆ 1,267 ರೂಪಾಯಿ ಬಿತ್ತು. 150 ಗಂಟೆ ಓಡಿಸಿದರೆ 507. ನಿಮ್ಮೂರಿನ ಬಾಡಿಗೆ ದರದ ಪಕ್ಕ ಇದನ್ನಿಟ್ಟು ನೋಡಿ. ನಿಮಗೆ ಹೆಗಲಿಗೆ ಹಾಕುವ ಕಳೆ ಕತ್ತರಿಸುವ ಯಂತ್ರ, ಗೊಬ್ಬರ ಹೊರಲು ಮೋಟಾರು ಗಾಡಿ ಸಾಕು. ವರ್ಷದ ಒಂದೆರಡು ದೊಡ್ಡ ಕೆಲಸಕ್ಕೆ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ವಿಚಾರಿಸಿ.

ಪ್ರಶ್ನೆ: ಆರು ವರ್ಷ ಹಳೆಯ 22 ಎಚ್‌ಪಿ ಗಾಡಿಯೊಂದು ಮಾರಾಟಕ್ಕಿದೆ. ಮೀಟರಿನಲ್ಲಿ 1,400 ಗಂಟೆ. ಗದ್ದೆಯಲ್ಲಿ ಕೆಸರು ಹೊಡೆದ ಗಾಡಿ. ಏನೇನು ನೋಡಬೇಕು? — ಮದ್ದೂರು

ಬೆಳಿಗ್ಗೆ ಬೇಗ, ಹೇಳದೆ ಹೋಗಿ. ಮೊದಲು ಇಂಜಿನ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಯಾರೋ ಆಗಲೇ ಶುರು ಮಾಡಿ ನಿಲ್ಲಿಸಿದ್ದಾರೆ, ತಣ್ಣಗಿದ್ದಾಗ ಅದು ಸುಲಭಕ್ಕೆ ಏಳುವುದಿಲ್ಲ ಎಂದು ತಿಳಿಯಿರಿ. ಇನ್ನೊಂದು ದಿನ ಹೋಗಿ.

ತಣ್ಣಗಿದ್ದಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ, ನೀರಿನ ಮೇಲೆ ಎಣ್ಣೆ ಪದರ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಆಮೇಲೆ ಶುರು ಮಾಡಿಸಿ. ಮೊದಲ ಒಂದು ನಿಮಿಷ ಬಿಳಿ ಹೊಗೆ ಬಂದು ನಿಂತರೆ ಚಿಂತೆಯಿಲ್ಲ. ನೀಲಿ ಹೊಗೆ ಬರುತ್ತಲೇ ಇದ್ದರೆ ಆಯಿಲ್ ಸುಡುತ್ತಿದೆ. ಹತ್ತು ನಿಮಿಷ ಓಡಿದ ಮೇಲೆ ಆಯಿಲ್ ತುಂಬುವ ಮುಚ್ಚಳವನ್ನು ಸಡಿಲಿಸಿ ಹಾಗೇ ಮೇಲಿಡಿ. ಮುಚ್ಚಳ ಕುಣಿದು ಬುಸುಬುಸು ಹೊಗೆ ಎದ್ದರೆ ರಿಂಗು, ಲೈನರ್ ಸವೆದಿವೆ. ಏರ್ ಕ್ಲೀನರಿನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಪೈಪಿನ ಒಳಗೆ ಬೆರಳಾಡಿಸಿ. ಬೆರಳಿಗೆ ಧೂಳು ಅಂಟಿದರೆ ಕಾರಣವೂ ಸಿಕ್ಕಿತು. ಅಂಥ ಗಾಡಿಗೆ ಮೀಟರಿನಲ್ಲಿ 1,400 ಇದ್ದರೇನು, 400 ಇದ್ದರೇನು.

ಕೆಸರಿನ ಗಾಡಿಯಲ್ಲಿ ಇಂಜಿನ್‌ಗಿಂತ ಹೆಚ್ಚು ನೋಡಬೇಕಾದ್ದು ಕೆಳಗಿನದು. ಗೇರ್ ಬಾಕ್ಸಿನ ಡಿಪ್‌ಸ್ಟಿಕ್ ಎಳೆಯಿರಿ. ಆಯಿಲ್ ಹಾಲು ಹಾಕಿದ ಟೀ ಬಣ್ಣಕ್ಕಿದ್ದರೆ ನೀರು ಸೇರಿದೆ. ಇಂಥ ಗಾಡಿಗಳಲ್ಲಿ ಗೇರ್, ಬ್ರೇಕ್, ಹೈಡ್ರಾಲಿಕ್ ಮೂರಕ್ಕೂ ಸಾಮಾನ್ಯವಾಗಿ ಒಂದೇ ಆಯಿಲ್, ಹಾಗಾಗಿ ನೀರು ಸೇರಿದರೆ ಮೂರಕ್ಕೂ ಏಟು. ಮುಂದಿನ ಚಕ್ರ ಜಾಕ್ ಮೇಲೆ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಕಟಕಟ ಎಂದರೆ ಬೇರಿಂಗ್. ಚಕ್ರದ ಒಳಬದಿ ಮಣ್ಣು ಎಣ್ಣೆಯಲ್ಲಿ ನೆನೆದು ಕಪ್ಪಗೆ ಕೂತಿದ್ದರೆ ಸೀಲ್ ಹೋಗಿ ಎಷ್ಟೋ ಕಾಲವಾಗಿದೆ. ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಚಕ್ರ) ಹಾಕಿ ಓಡಿಸಿದ್ದರೆ ಹಿಂದಿನ ಆಕ್ಸಲ್ ಬೋಲ್ಟುಗಳ ಸುತ್ತ ಬಿರುಕು ಹುಡುಕಿ.

ಲಿಫ್ಟಿಗೆ ರೋಟವೇಟರ್ ಕಟ್ಟಿ ಪೂರ್ತಿ ಎತ್ತಿ ಇಂಜಿನ್ ನಿಲ್ಲಿಸಿ. ಹತ್ತು ನಿಮಿಷದಲ್ಲಿ ಎರಡು ಬೆರಳಷ್ಟು ಇಳಿದರೆ ಒಪ್ಪಬಹುದು, ನೆಲ ಮುಟ್ಟಿದರೆ ಸಿಲಿಂಡರಿನ ಸೀಲ್ ಅಥವಾ ವಾಲ್ವ್ ಸೋರುತ್ತಿದೆ. ಬ್ರೇಕ್ ಒತ್ತಿ ಹಿಡಿದು ಮೇಲಿನ ಗೇರಿನಲ್ಲಿ ಕ್ಲಚ್ ಬಿಡಿ. ಇಂಜಿನ್ ತಟ್ಟನೆ ನಿಲ್ಲಬೇಕು. ಓಡುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ. ಸಣ್ಣ ಗಾಡಿಯಲ್ಲೂ ಕ್ಲಚ್ ಬದಲಿಸಲು ಅದನ್ನು ನಡುವೆ ಎರಡು ತುಂಡು ಮಾಡಲೇಬೇಕು, ಆ ಕೂಲಿಯನ್ನು ಬೆಲೆಯಲ್ಲಿ ಮುರಿಯಿರಿ.

ಮೀಟರ್ ಬದಲಾಯಿಸುವುದು ಕಷ್ಟದ ಕೆಲಸವೇನಲ್ಲ. ಪೆಡಲಿನ ರಬ್ಬರ್, ಸ್ಟೀರಿಂಗಿನ ನುಣುಪು, ಉಪಕರಣ ಕಟ್ಟುವ ಟಾಪ್ ಲಿಂಕಿನ ಪಿನ್ ತೂತು ಸುಳ್ಳು ಹೇಳುವುದಿಲ್ಲ. ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ 1,400 ಅಲ್ಲ. ಟೈರಿನ ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ: 2319 ಎಂದರೆ 2019ರ 23ನೇ ವಾರದ ಟೈರು. ಛಾಸಿ, ಇಂಜಿನ್ ನಂಬರುಗಳನ್ನು ಆರ್‌ಸಿಯೊಂದಿಗೆ ಅಕ್ಷರಕ್ಷರ ತಾಳೆ ನೋಡಿ. ಸಾಲವಿದ್ದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35, ವರ್ಗಾವಣೆಗೆ ಫಾರಂ 29, 30. ಇವು ಕೈಗೆ ಬಾರದೆ ಪೂರ್ತಿ ಹಣ ಕೊಡಬೇಡಿ.

ಪ್ರಶ್ನೆ: ರೋಟವೇಟರ್ ಹಾಕಿ ಅರ್ಧ ಗಂಟೆಗೆ ಇಂಜಿನ್ ಕಾಯುತ್ತದೆ. ಬೋರ್‌ವೆಲ್ ನೀರನ್ನೇ ಹಾಕುತ್ತೇವೆ. — ಚಿಂತಾಮಣಿ

ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಪದರವೇ ರೇಡಿಯೇಟರಿನ ಕೊಳವೆಯೊಳಗೂ ಕೂತಿದೆ. ಅದಕ್ಕೂ ಮೊದಲು ಹೊರಗಡೆ ನೋಡಿ: ಜಾಲರಿಯಲ್ಲಿ ಹುಲ್ಲು, ಹೊಟ್ಟು ತುಂಬಿದ್ದರೆ ಫ್ಯಾನ್ ಕಡೆಯಿಂದ ಹೊರಕ್ಕೆ ಗಾಳಿ ಬಿಟ್ಟು ತೆಗೆಯಿರಿ. ಬೆಲ್ಟನ್ನು ನಡುವೆ ಹೆಬ್ಬೆರಳಿನಲ್ಲಿ ಒತ್ತಿದಾಗ ಸುಮಾರು ಅರ್ಧ ಇಂಚು ಬಗ್ಗಬೇಕು. ಎರಡೂ ಸರಿಯಿದ್ದರೆ ರೇಡಿಯೇಟರ್ ಬಿಚ್ಚಿ ಕೊಳವೆಗಳಿಗೆ ರಾಡ್ ಹಾಕಿ ಶುಚಿ ಮಾಡಿಸಿ. ಮುಂದೆ ಕೂಲಂಟ್ ಅರ್ಧ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಅರ್ಧ. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಪ್ರಶ್ನೆ: ಒಂದೇ ವರ್ಷದಲ್ಲಿ ಪಿಟಿಒ ಸೀಲ್ ಮೂರನೇ ಸಲ ಹೋಯಿತು. ಕಂಪನಿ ಸೀಲನ್ನೇ ಹಾಕಿಸಿದ್ದೇವೆ. — ಹೊಸದುರ್ಗ

ತಪ್ಪು ಸೀಲಿನದಲ್ಲ, ಬಹುಶಃ ಶಾಫ್ಟಿನ ಉದ್ದದ್ದು. ರೋಟವೇಟರ್ ಜೊತೆ ಬರುವ ಶಾಫ್ಟ್ ದೊಡ್ಡ ಟ್ರ್ಯಾಕ್ಟರಿನ ಅಳತೆಗೆ ಇರುತ್ತದೆ. ಸಣ್ಣ ಗಾಡಿಯಲ್ಲಿ ಪಿಟಿಒಗೂ ರೋಟವೇಟರಿಗೂ ಅಂತರ ಕಡಿಮೆ. ಎತ್ತಿ ಇಳಿಸುವಾಗ ಒಳಗಿನ ಕೊಳವೆ ತುದಿ ಮುಟ್ಟಿ ಪಿಟಿಒ ಶಾಫ್ಟನ್ನೇ ಮುಂದಕ್ಕೆ ಗುದ್ದುತ್ತದೆ. ಮೊದಲು ಸೀಲ್ ಸೋರುತ್ತದೆ, ಆಮೇಲೆ ಬೇರಿಂಗ್, ಕಡೆಗೆ ಹಿಂದಿನ ಕೇಸಿಂಗೇ ಸೀಳುತ್ತದೆ.

ಇಂಜಿನ್ ನಿಲ್ಲಿಸಿ ಶಾಫ್ಟಿನ ಎರಡು ಭಾಗ ಬೇರೆ ಮಾಡಿ. ಒಂದನ್ನು ಪಿಟಿಒಗೆ, ಇನ್ನೊಂದನ್ನು ರೋಟವೇಟರಿಗೆ ಸಿಕ್ಕಿಸಿ. ಲಿಫ್ಟನ್ನು ನಿಧಾನವಾಗಿ ಮೇಲೆ ಕೆಳಗೆ ಮಾಡಿ ಎರಡರ ಅಂತರ ಅತಿ ಕಡಿಮೆಯಾಗುವ ಎತ್ತರ ಹುಡುಕಿ. ಅಲ್ಲಿ ಎರಡನ್ನೂ ಪಕ್ಕಪಕ್ಕ ಹಿಡಿದರೆ ಒಂದರ ತುದಿಗೂ ಎದುರಿನ ಜಾಯಿಂಟಿಗೂ ನಡುವೆ ಒಂದು ಇಂಚಾದರೂ ಖಾಲಿ ಇರಬೇಕು. ಇಲ್ಲದಿದ್ದರೆ ಎರಡೂ ಕೊಳವೆ, ಎರಡೂ ಪ್ಲಾಸ್ಟಿಕ್ ಕವಚ ಸಮನಾಗಿ ಕತ್ತರಿಸಿ, ಅಂಚು ಉಜ್ಜಿ, ಗ್ರೀಸ್ ಹಚ್ಚಿ ಸೇರಿಸಿ. ಅಂತರ ಅತಿ ಹೆಚ್ಚಾದಾಗಲೂ ಒಳಕೊಳವೆಯ ಮೂರನೇ ಒಂದು ಭಾಗ ಹೊರಕೊಳವೆಯಲ್ಲಿ ಇರಬೇಕು. ಸೇರಿಸುವಾಗ ಎರಡೂ ಕಡೆಯ ಕವಲು ಒಂದೇ ಸಾಲಿಗೆ ಬರಲಿ. ತಿರುಚಿ ಕೂತರೆ ದಡದಡ ನಡುಕ ಬಂದು ಸೀಲ್ ಮತ್ತೆ ಹೋಗುತ್ತದೆ. ಸಾಲಿನ ಕೊನೆಯಲ್ಲಿ ತಿರುಗುವಾಗ ಪಿಟಿಒ ಬಿಡಿಸದೆ ರೋಟವೇಟರನ್ನು ಪೂರ್ತಿ ಎತ್ತುವ ಡ್ರೈವರಿದ್ದರೆ, ಆ ಅಭ್ಯಾಸವನ್ನೂ ಬಿಡಿಸಿ.

ಪ್ರಶ್ನೆ: ದ್ರಾಕ್ಷಿ ತೋಟಕ್ಕೆ ಫೋರ್ ವೀಲ್ ಮಿನಿ ತಂದೆವು. ಮುಂದಿನ ಟೈರು ಎರಡೇ ವರ್ಷಕ್ಕೆ ಬೋಳಾದವು. — ವಿಜಯಪುರ

ತೋಟಕ್ಕೂ ಊರಿಗೂ ಟಾರು ರಸ್ತೆಯಲ್ಲಿ ಫೋರ್ ವೀಲ್ ಲಿವರ್ ಹಾಕಿಯೇ ಓಡಿಸುತ್ತಿದ್ದೀರಿ. ಈ ಗಾಡಿಗಳಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಒಂದಿಷ್ಟು ಮುಂದೆ ಓಡುವಂತೆಯೇ ಗೇರ್ ಕೂರಿಸಿರುತ್ತಾರೆ. ಮೆತ್ತನೆ ಮಣ್ಣಿನಲ್ಲಿ ಆ ಹೆಚ್ಚಿನದು ಜಾರಿ ಹೋಗುತ್ತದೆ. ಟಾರಿನ ಮೇಲೆ ಜಾರಲು ಜಾಗವಿಲ್ಲ, ರಬ್ಬರ್ ಉಜ್ಜಿ ಹೋಗುತ್ತದೆ, ಲಿವರ್ ಬಿಗಿಯಾಗಿ ಬಿಡಿಸಲೂ ಬರುವುದಿಲ್ಲ. ರಸ್ತೆಗೆ ಹತ್ತುವ ಮೊದಲೇ ಬಿಡಿಸಿ, ಎಡ ಬಲ ಬ್ರೇಕ್ ಪೆಡಲುಗಳಿಗೆ ಕೊಂಡಿ ಹಾಕಿ. ಹೊಸ ಟೈರು ಅದೇ ಅಳತೆಯದೇ ಇರಲಿ. ‘ಸ್ವಲ್ಪ ದೊಡ್ಡದು, ಗ್ರಿಪ್ ಜಾಸ್ತಿ’ ಎಂದು ಬೇರೆ ಹಾಕಿಸಿದರೆ ಮುಂದಿನ ಆಕ್ಸಲ್ಲಿನ ಹಲ್ಲುಗಳೇ ಸವೆಯುತ್ತವೆ.

ಪ್ರಶ್ನೆ: ಸಬ್ಸಿಡಿ ಬರುತ್ತದೆಂದು ಡೀಲರ್ ಮುಂಗಡ ಕೇಳುತ್ತಿದ್ದಾರೆ. ಕೊಡಲೇ? — ಅರಸೀಕೆರೆ

ಮಂಜೂರಾತಿ ಕೈಗೆ ಬರುವ ಮೊದಲು ಕೊಡಬೇಡಿ. ಮೊದಲೇ ಕೊಂಡ ಗಾಡಿಯ ಬಿಲ್ಲಿಗೆ ಆಮೇಲೆ ಸಹಾಯಧನ ಸಿಗುವುದಿಲ್ಲ. ಅರ್ಜಿಗೆ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಬೇಕು, ನಿಮ್ಮ ಎಲ್ಲ ಸರ್ವೆ ನಂಬರುಗಳೂ ಅದಕ್ಕೆ ಜೋಡಣೆಯಾಗಿವೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ನೋಡಿಸಿ. ಆ ವರ್ಷದ ಅನುಮೋದಿತ ಮಾಡೆಲುಗಳ ಪಟ್ಟಿಯನ್ನೂ ಅಲ್ಲೇ ಕೇಳಿ. ನಿಮ್ಮ ಕೈಲಿರುವ ಕೊಟೇಶನ್ ಹಳೆಯದಾದರೆ ಹೊಸದು ಬರೆಸಿ: ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ 5ಕ್ಕೆ ಇಳಿದಿದೆ.