ಕೇಬಲ್ ಬಿಚ್ಚಿದ್ದನ್ನು ಕತ್ತರಿಸಬೇಡಿ

ಪ್ರಿಯ ಮಿತ್ರರೇ,

ಲಿನಕ್ಸ್ ಕಂಪ್ಯೂಟರಿನಲ್ಲಿ ಪರದೆಯ ಸೆಟ್ಟಿಂಗ್ ಇರುವ ಎಕ್ಸಾರ್ಗ್ ಕಾನ್ಫ್ ಫೈಲ್ ಕೆಟ್ಟರೆ ಸರಿಪಡಿಸುವುದು ಹೇಗೆಂದು ನೀವು ಬರೆದ ಒಂಬತ್ತು ಪುಟಗಳನ್ನು ಎರಡು ಸಲ ಓದಿದೆ. ಈ ರೂಪದಲ್ಲಿ ಪ್ರಕಟಿಸಲಾಗದು. ಆದರೆ ಆರನೆಯ ಪುಟ ತಲೆಯಿಂದ ಹೋಗುತ್ತಿಲ್ಲ, ಅದಕ್ಕೇ ಇಷ್ಟುದ್ದದ ಉತ್ತರ.

ನಿಮ್ಮ ಮೊದಲ ಎರಡೂವರೆ ಪುಟ ಹತ್ತೊಂಬತ್ತನೆಯ ಶತಮಾನದ ಗಣಕ ಕನಸುಗಾರ ಚಾರ್ಲ್ಸ್ ಬ್ಯಾಬೇಜರಿಂದ ಹೊರಟು, ಪರದೆಯ ಮೇಲೆ ಕಿಟಕಿ-ಚಿತ್ರ ಮೂಡಿಸುವ ಎಕ್ಸ್ ಎಂಬ ತಂತ್ರಾಂಶ ಹುಟ್ಟಿದ 1984ರ ಎಂಐಟಿ ವಿಶ್ವವಿದ್ಯಾಲಯಕ್ಕೆ ಬಂದು ಸುಧಾರಿಸಿಕೊಳ್ಳುತ್ತದೆ. ಓದುಗರ ಕಂಪ್ಯೂಟರ್ ಕಪ್ಪಾಗಿ ಕುಳಿತಿದೆ. ಅವರು ನಿಮ್ಮನ್ನು ಓದುತ್ತಿರುವುದು ಮೊಬೈಲಿನಲ್ಲಿ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಸಾಮಾನ್ಯವಾಗಿ ಬರೀ ಅಕ್ಷರಗಳ ಪರದೆ ಬರುತ್ತದೆ, ಅಲ್ಲಿ ಲಾಗಿನ್ ಆಗಬಹುದು ಎಂಬುದು ಅವರಿಗೆ ಮೊದಲು ಬೇಕು. ನೀವು ಅದನ್ನು ಎಂಟನೆಯ ಪುಟದ ಅಡಿಟಿಪ್ಪಣಿಗೆ ತಳ್ಳಿದ್ದೀರಿ!

ಆರನೆಯ ಪುಟದಲ್ಲಿ ಹಳೆಯ ಗ್ರಾಫಿಕ್ಸ್ ಕಾರ್ಡನ್ನೂ ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರನ್ನೂ ತೆಗೆಯುತ್ತೀರಿ. ಫೈಲಿನ ‘ಡಿವೈಸ್’ ವಿಭಾಗದಲ್ಲಿ ಆ ಡ್ರೈವರಿನ ಹೆಸರು ಮಾತ್ರ ಉಳಿದುಬಿಟ್ಟಿರುತ್ತದೆ. ಎಕ್ಸ್ ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ಫೈಲ್ ತೆರೆದರೆ ‘ಇಇ’ ಗುರುತಿನ ದೋಷದ ಸಾಲುಗಳು. ಕೊನೆಯದು ‘ನೋ ಸ್ಕ್ರೀನ್ಸ್ ಫೌಂಡ್’. ಕಣ್ಣೆದುರು ಮಾನಿಟರ್ ಇಟ್ಟುಕೊಂಡು ಪರದೆಯೇ ಇಲ್ಲವೆಂದು ಓದಿದ ನೀವು ಕೇಬಲನ್ನು ಮೂರು ಸಲ ಬಿಚ್ಚಿ ಸಿಕ್ಕಿಸುತ್ತೀರಿ. ಲೇಖನ ಇಲ್ಲಿಂದ ಶುರುವಾಗಲಿ. ಎಕ್ಸ್ ಹೇಳುವ ‘ಸ್ಕ್ರೀನ್’ ಮೇಜಿನ ಮೇಲಿನ ಗಾಜಲ್ಲ, ಕಾರ್ಡು ಮತ್ತು ಮಾನಿಟರಿನ ಜೋಡಿ. ಡ್ರೈವರ್ ಏಳದಿದ್ದರೆ ಜೋಡಿಯೇ ಇಲ್ಲ. ಕಾರಣ ಕೆಲವು ಸಾಲು ಮೇಲೆ, ಮಾಡ್ಯೂಲ್, ಅಂದರೆ ಆ ಡ್ರೈವರಿನ ಫೈಲ್, ಸಿಗಲಿಲ್ಲವೆಂಬ ಸಾಲಿನಲ್ಲಿತ್ತು. ಇದನ್ನು ನೀವು ಕಂಡುಕೊಂಡಿದ್ದೀರಿ, ಆದರೆ ಅರ್ಧ ವಾಕ್ಯದಲ್ಲಿ ಮುಗಿಸಿದ್ದೀರಿ.

ಏಳನೆಯ ಪುಟಕ್ಕೆ ಬಂದಾಗ ನನಗೆ ಸಿಟ್ಟು ಬಂತು. ಮಾನಿಟರ್ ಸೆಕೆಂಡಿಗೆ ಎಷ್ಟು ಸಾವಿರ ಅಡ್ಡಗೆರೆ ಎಳೆಯಬಲ್ಲದೆಂಬ ಮಿತಿಯನ್ನು ‘ಹಾರಿಜ್ ಸಿಂಕ್ 31.5ರಿಂದ 48’ ಎಂದು ಎಲ್ಲರೂ ಬರೆದುಕೊಳ್ಳಿ ಎನ್ನುತ್ತೀರಿ. ಯಾವ ಮಾನಿಟರಿನ ಅಂಕಿ ಇದು? 1920×1080ರ ಪರದೆ ಸೆಕೆಂಡಿಗೆ 60 ಸಲ ಮೂಡಲು ಸುಮಾರು 67 ಕಿಲೋಹರ್ಟ್ಸ್ ಬೇಕು. ಹಳೆಯ 1024×768ಕ್ಕೇ 48.4 ಬೇಕು, ನಿಮ್ಮ ಮಿತಿ ಅದಕ್ಕೂ ಕೂದಲೆಳೆಯಷ್ಟು ಸಾಲದು! ಇದನ್ನು ನಂಬಿದವರ ಒಳ್ಳೆಯ ಮಾನಿಟರ್ ಮಸುಕಾಗಿ ಕೂರಬಹುದು. ತನ್ನ ಮಿತಿಯನ್ನು ತಾನೇ ಹೇಳಲಾರದ ಕೊಳವೆ ಮಾನಿಟರುಗಳ ಕಾಲದಲ್ಲಿ ಈ ಅಂಕಿ ಕೈಯಾರೆ ಬರೆಯಬೇಕಿತ್ತು, ತಪ್ಪಿದರೆ ಮಾನಿಟರೇ ಸುಡಬಹುದೆಂಬ ಭಯವೂ ಇತ್ತು. ಈಗ ಮಾನಿಟರು ಅದನ್ನು ಇಡಿಐಡಿ ಎಂಬ ಮಾಹಿತಿಯಾಗಿ ತಾನೇ ಕಳುಹಿಸುತ್ತದೆ. ನಿಮ್ಮ ಕೈಯಾರೆ ಅಳೆಯದ ಅಂಕಿಯನ್ನು ಓದುಗರಿಗೆ ದಾಟಿಸಬೇಡಿ.

ಇನ್ನೆರಡು ಮಾತು. ಫೈಲನ್ನು ‘ಅಳಿಸಿಹಾಕಿ’ ಎಂದಿದ್ದೀರಿ. ಹೆಸರು ಬದಲಿಸಿ ಪಕ್ಕಕ್ಕಿಡಲು ಹೇಳಿ. ಇಂದಿನ ಬಹುತೇಕ ಕಂಪ್ಯೂಟರುಗಳಲ್ಲಿ ಅದಿಲ್ಲದೆಯೂ ಎಕ್ಸ್ ಏಳುತ್ತದೆ, ಆದ್ದರಿಂದ ಮೊದಲ ಪರೀಕ್ಷೆಯೇ ಅದಾಗಲಿ. ಎಕ್ಸಿನ ಜಾಗಕ್ಕೆ ಬರುತ್ತಿರುವ ವೇಲ್ಯಾಂಡಿನ ಹೆಸರೂ ಬಂದಿಲ್ಲ. ಅದರಲ್ಲಿ ಓಡುವ ಡೆಸ್ಕ್‌ಟಾಪ್ ಈ ಫೈಲನ್ನು ಓದುವುದೇ ಇಲ್ಲ. ಅಂಥವರು ರಾತ್ರಿಯಿಡೀ ತಿದ್ದಿದರೂ ಏನೂ ಆಗದು.

ನಾಲ್ಕು ಪುಟಕ್ಕೆ ಇಳಿಸಿ ಮತ್ತೆ ಕಳುಹಿಸಿ. ಬ್ಯಾಬೇಜರನ್ನು ಕೈಬಿಡಿ. ಕೇಬಲನ್ನು ಮೂರು ಸಲ ಬಿಚ್ಚಿದ್ದು ಮಾತ್ರ ಇದ್ದ ಹಾಗೆಯೇ ಇರಲಿ.

ನಿಮ್ಮ,
ಸಂಪಾದಕ