ಸ್ವೀಡನ್ನಿನ ನಾಗರಿಕ ಕಾನೂನು

ಪ್ರಶ್ನೆ: ಫ್ರಾನ್ಸ್, ಜರ್ಮನಿಗಳಂತೆ ಸ್ವೀಡನ್ನಿಗೆ ಒಂದೇ ನಾಗರಿಕ ಸಂಹಿತೆ (ವಿವಾಹ, ಆಸ್ತಿ, ಒಪ್ಪಂದಗಳಂಥ ಖಾಸಗಿ ವ್ಯವಹಾರಗಳ ನಿಯಮಗಳನ್ನು ಒಟ್ಟುಗೂಡಿಸಿದ ಕಾನೂನು) ಏಕೆ ಇಲ್ಲ?

ಉತ್ತರ: ಸ್ವೀಡನ್ನಿನಲ್ಲಿ ಸಂಹಿತೆಯೇ ಇರಲಿಲ್ಲವೆಂದು ತಿಳಿಯಬಾರದು, ಅದು ಫ್ರಾನ್ಸಿಗೆ ನಾಗರಿಕ ಸಂಹಿತೆ ತಂದ ನೆಪೋಲಿಯನ್ನನ ಕಾಲಕ್ಕಿಂತ ಮೊದಲೇ ಬಂದಿತ್ತು. ಹದಿಮೂರನೆಯ ಶತಮಾನದಿಂದ ಲಿಖಿತರೂಪ ಪಡೆದ ಪ್ರಾಂತೀಯ ಕಾನೂನುಗಳ ಬದಲಿಗೆ, 1350ರ ಸುಮಾರಿಗೆ ದೊರೆ ಮ್ಯಾಗ್ನಸ್ ಎರಿಕ್ಸನ್ ಗ್ರಾಮಾಂತರ ಪ್ರದೇಶಕ್ಕೆಲ್ಲ ಅನ್ವಯಿಸುವ ಕಾನೂನನ್ನು ತಂದನು. ಪಟ್ಟಣಗಳಿಗೆ ಬೇರೆಯದೇ ಕಾನೂನು ಇತ್ತು. 1686ರಲ್ಲಿ ನೇಮಕಗೊಂಡ ಆಯೋಗದ ದೀರ್ಘ ಪರಿಶ್ರಮದ ಫಲವಾಗಿ 1734ರಲ್ಲಿ ಅಂಗೀಕಾರಗೊಂಡು 1736ರಲ್ಲಿ ಜಾರಿಗೆ ಬಂದ ಸಂಹಿತೆಯು, ವಿವಾಹ, ಉತ್ತರಾಧಿಕಾರ, ಭೂಮಿ, ವ್ಯಾಪಾರವಷ್ಟೇ ಅಲ್ಲದೆ ಅಪರಾಧ ಮತ್ತು ನ್ಯಾಯಾಲಯದ ಕಲಾಪಗಳನ್ನೂ ಒಂಬತ್ತು ಭಾಗಗಳಲ್ಲಿ ಒಳಗೊಂಡಿತ್ತು. ಅದರ ಭಾಷೆ ಪಂಡಿತರದಲ್ಲ, ರೈತನಿಗೂ ಅರ್ಥವಾಗುವಂಥದ್ದು. ಸಾಮಾನ್ಯ ತತ್ತ್ವಗಳ ವಿವೇಚನೆಗಿಂತ ನಿರ್ದಿಷ್ಟ ಸನ್ನಿವೇಶಗಳ ನಿಯಮಗಳೇ ಅದರಲ್ಲಿ ಹೆಚ್ಚು. ನನ್ನ ದೃಷ್ಟಿಯಲ್ಲಿ ಅದರ ಬಲವೂ ದೌರ್ಬಲ್ಯವೂ ಇದೇ.

1826ರಲ್ಲಿ ಸಿದ್ಧವಾದ ಹೊಸ ನಾಗರಿಕ ಸಂಹಿತೆಯ ಕರಡು ಅಂಗೀಕಾರ ಪಡೆಯಲಿಲ್ಲವಾದ್ದರಿಂದ, ಹಳೆಯ ಚೌಕಟ್ಟನ್ನು ಉಳಿಸಿಕೊಂಡು ಒಂದೊಂದೇ ಭಾಗವನ್ನು ಬದಲಿಸುವ ಮಾರ್ಗವೇ ರೂಢಿಯಾಯಿತು. ಹಳ್ಳಿಗಾಡಿನಲ್ಲಿ ಮಗನ ಪಾಲಿನ ಅರ್ಧಕ್ಕಷ್ಟೇ ಹಕ್ಕುಳ್ಳವಳಾಗಿದ್ದ ಮಗಳಿಗೆ 1845ರಲ್ಲಿ ಸಮಪಾಲು ದೊರೆಯಿತು. ನೆರೆಯ ನಾರ್ಡಿಕ್ ದೇಶಗಳ ಸಹಕಾರದಿಂದ 1915ರಲ್ಲಿ ಒಪ್ಪಂದ ಕಾಯ್ದೆ, 1920ರಲ್ಲಿ ವಿವಾಹ ಸಂಹಿತೆ ರೂಪುಗೊಂಡವು. ಭೂಮಿಯ ಸಂಹಿತೆ ಬಂದದ್ದು 1970ರಲ್ಲಿ. ವ್ಯಾಪಾರ ಭಾಗದ ಕೆಲವು ಹಳೆಯ ವಿಧಿಗಳಂತೂ ಇಂದಿಗೂ ಜಾರಿಯಲ್ಲಿವೆ.